ಅನಿಮೇಷನ್ ಹಬ್ಬದಲ್ಲಿ ಸಾಫ್ಟ್‌ವೇರ್ ಸ್ಟಾಲ್: ಸಿನಿಮಾ ಓಡಿಸಬೇಕಾ, ಪೆನ್ ಕೈಗೆ ಕೊಡಬೇಕಾ?

ಕದ್ರಿಗೆರೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಮೊನ್ನೆ ನಡೆದ ಅನಿಮೇಷನ್ ಹಬ್ಬದಲ್ಲಿ ನಮ್ಮ ತಂಡದ ಸ್ಟಾಲ್ ಇತ್ತು. ಈ ಬಳಗದ ಹಲವರು ಬಂದಿದ್ದಿರಿ, ತುಂಬ ಖುಷಿ ಆಯ್ತು. ಬಾರದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಕ್ಟೋಬರ್ 28 ಅಂತರರಾಷ್ಟ್ರೀಯ ಅನಿಮೇಷನ್ ದಿನ. 1892ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ ಎಮಿಲ್ ರೇನೋ ತಾವೇ ಕೈಯಿಂದ ಬಿಡಿಸಿದ ಚಿತ್ರಗಳನ್ನು ಪರದೆ ಮೇಲೆ ಓಡಿಸಿ ಜನರಿಗೆ ತೋರಿಸಿದ್ದರು. ಅದರ ನೆನಪಿಗೆ ಊರಿನ ಒಂದಷ್ಟು ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಮಾಡಿದ ಹಬ್ಬ ಇದು. ಒಳಗೆ ಹಾಲ್‌ನಲ್ಲಿ ಕಿರುಚಿತ್ರಗಳು, ಹೊರಗೆ ಜಗಲಿಯಲ್ಲಿ ಸ್ಟಾಲ್‌ಗಳು.

ನಾವು ಮಾಡುತ್ತಿರುವುದು ಕೈಯಿಂದ ಬಿಡಿಸುವ 2ಡಿ ಅನಿಮೇಷನ್‌ಗೆ ಒಂದು ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ. ಇಲ್ಲಿ ಸ್ವಂತ ಪ್ರಚಾರ ಮಾಡಬಾರದು ಅನ್ನುವ ನಿಯಮ ಉಂಟು, ಹಾಗಾಗಿ ಹೆಸರು ಹಾಕುವುದಿಲ್ಲ.

ಹಬ್ಬ ಮುಗಿದ ಮೇಲೆ ನಮ್ಮ ತಂಡದೊಳಗೇ ಒಂದು ವಾದ ಶುರುವಾಗಿದೆ. ಮುಂದಿನ ಸಲ ದೊಡ್ಡ ಟಿವಿ ಬಾಡಿಗೆಗೆ ತರೋಣ, ನಮ್ಮ ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಿರುಚಿತ್ರವನ್ನು ಇಡೀ ದಿನ ಓಡಿಸೋಣ, ಜನ ಅದಕ್ಕೇ ನಿಲ್ಲುವುದು ಅಂತ ಕೆಲವರು ಹೇಳುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಸಾಫ್ಟ್‌ವೇರ್ ಸ್ಟಾಲ್‌ಗೆ ಬೇಕಾದ್ದು ಪೆನ್, ಟ್ಯಾಬ್ಲೆಟ್, ಕೂರಲು ಕುರ್ಚಿ. ಸಿನಿಮಾ ನೋಡಲು ಒಳಗೆ ಹಾಲ್ ಇದೆಯಲ್ಲ?

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಈ ಸಲ ನಮ್ಮ ಹತ್ತಿರ ಎರಡೂ ಇತ್ತು. ಒಂದು ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಓಡುತ್ತಿತ್ತು. ಪಕ್ಕದಲ್ಲಿ ಎರಡು ಪೆನ್ ಟ್ಯಾಬ್ಲೆಟ್. ಚಿತ್ರದ ಮುಂದೆ ನಿಂತವರು ಸ್ವಲ್ಪ ಹೊತ್ತು ನೋಡಿ "ಲಾಯ್ಕ ಉಂಟು" ಅಂತ ಹೇಳಿ ಮುಂದೆ ಹೋದರು. ಟ್ಯಾಬ್ಲೆಟ್ ಮುಂದೆ ಕೂತವರನ್ನು ಎಬ್ಬಿಸುವುದೇ ಕಷ್ಟ ಆಯ್ತು.

ಒಬ್ಬ ಹೈಸ್ಕೂಲ್ ಹುಡುಗ ಅಪ್ಪನ ಜೊತೆ ಬಂದಿದ್ದ. ಏನು ಬಿಡಿಸ್ತೀಯಾ ಅಂತ ಕೇಳಿದರೆ ಹುಲಿವೇಷ ಅಂದ. ಮೊದಲ ಚಿತ್ರದಲ್ಲಿ ಹುಲಿ ಕಾಲು ಅಗಲಿಸಿ ನಿಂತಿದೆ. ಎರಡನೇ ಫ್ರೇಮ್‌ಗೆ ಹೋದ ಕೂಡಲೇ ಹಿಂದಿನ ಚಿತ್ರ ತಿಳಿ ನೀಲಿಯಲ್ಲಿ ಕೆಳಗೆ ಕಾಣಿಸಿತು. ಆನಿಯನ್ ಸ್ಕಿನ್ ಅಂದರೇನು ಅಂತ ನಾವು ಬಾಯಿ ತೆರೆಯುವ ಮೊದಲೇ ಅವನು ನೀಲಿ ಗೆರೆಯ ಮೇಲೆ ಮೈಯನ್ನು ಹಾಗೇ ಎಳೆದು, ಬಾಲ ಮಾತ್ರ ಸ್ವಲ್ಪ ಮೇಲೆ ಹಾಕಿದ. ಆಮೇಲೆ ಎಡಗೈಯಿಂದ ಮೇಜಿನ ಮೇಲೆ ತಾಸೆ ಪೆಟ್ಟು ಬಡಿಯುತ್ತಾ ಒಂದೊಂದು ಪೆಟ್ಟಿಗೆ ಒಂದೊಂದು ಭಂಗಿ ಬಿಡಿಸುತ್ತಾ ಹೋದ.

ಪ್ಲೇ ಒತ್ತಿದಾಗ ಹುಲಿ ಬರೇ ನಡುಗಿದ ಹಾಗೆ ಕಾಣಿಸಿತು. ನಮ್ಮಲ್ಲಿ ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರಕ್ಕೆ ಎರಡು ಫ್ರೇಮ್ ಇಟ್ಟಿದ್ದೆವು. ಅಂದರೆ ಸೆಕೆಂಡಿಗೆ 12 ಚಿತ್ರ. ತಾಸೆಯ ಲೆಕ್ಕಕ್ಕೆ ಅದು ತೀರಾ ವೇಗ. "ಹಾರಿದಲ್ಲಿ ಸ್ವಲ್ಪ ನಿಲ್ಲಿಸುದು ಹೇಗೆ?" ಅಂತ ಕೇಳಿದ. ಕೇಳುತ್ತಲೇ ಟೈಮ್‌ಲೈನ್‌ನಲ್ಲಿ ಆ ಚಿತ್ರದ ಅಂಚನ್ನು ಪೆನ್‌ನಿಂದ ಹಿಡಿದು ಎಳೆಯಲು ನೋಡಿದ. ನಮ್ಮ ಸಾಫ್ಟ್‌ವೇರ್‌ನಲ್ಲಿ ಅದು ಹಾಗೆ ಎಳೆಯಲು ಬರುವುದಿಲ್ಲ, ಮೆನುಗೆ ಹೋಗಬೇಕು. ಅವನ ನಂತರ ಕೂತವರೂ ಹೆಚ್ಚುಕಡಿಮೆ ಎಲ್ಲರೂ ಅದೇ ಅಂಚನ್ನೇ ಎಳೆದರು. ಮುಂದಿನ ಆವೃತ್ತಿಯಲ್ಲಿ ಎಳೆದರೆ ಆ ಚಿತ್ರ ನಿಲ್ಲುವ ಹೊತ್ತು ಉದ್ದ ಆಗುತ್ತದೆ. ಟಿವಿಯಲ್ಲಿ ಸಿನಿಮಾ ಓಡಿಸಿದ್ದರೆ ಈ ವಿಷಯ ನಮಗೆ ಯಾರು ಹೇಳುತ್ತಿದ್ದರು?

ಇಲ್ಲಿ ಸ್ಟಾಲ್ ಹಾಕಿದ ಅನುಭವ ಇರುವವರು, ಸ್ಟುಡಿಯೋದಲ್ಲಿ ಕೆಲಸ ಮಾಡುವವರು, ಕಲಿಸುವವರು ಎಲ್ಲ ಇದ್ದೀರಿ. ನಿಮಗೆ ಏನು ಅನಿಸುತ್ತದೆ, ಬರೆಯಿರಿ.

ಬೆಂಗಳೂರುಬಸ್

ಕದ್ರಿ ಅಣ್ಣ, ಬರಹ ಓದಿ ಖುಷಿ ಆಯ್ತು, ಆದರೆ ನಾನು ನಿಮ್ಮ ತಂಡದ ಆ ಕೆಲವರ ಪರ. ನಾನು ಉಡುಪಿಯವನು, ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ 2ಡಿ ವಿಭಾಗದಲ್ಲಿದ್ದೇನೆ.

ಸ್ಟುಡಿಯೋದವರು ಸಾಫ್ಟ್‌ವೇರ್ ಆರಿಸುವಾಗ ಪೆನ್ ಹಿಡಿದು ನೋಡುವುದು ಕೊನೆಗೆ. ಮೊದಲು ಕೇಳುವುದು "ಇದರಲ್ಲಿ ಪೂರ್ತಿ ಒಂದು ಚಿತ್ರ ಮುಗಿಸಿದ್ದಾರಾ?" ಅಂತ. ಒಂದು ನಿಮಿಷದ ತುಣುಕು ಯಾವುದರಲ್ಲಿ ಬೇಕಾದರೂ ಆಗುತ್ತದೆ. ನೂರಾರು ಶಾಟ್, ಹತ್ತಾರು ಜನ, ಬಣ್ಣ ಹಾಕುವವರು ಬೇರೆ, ಕ್ಲೀನ್‌ಅಪ್, ಅಂದರೆ ಒರಟು ಗೆರೆಯನ್ನು ಅಚ್ಚುಕಟ್ಟು ಮಾಡುವವರು ಬೇರೆ, ಎಲ್ಲರ ಕೈ ದಾಟಿ ಫೈಲ್ ಕೆಡದೆ ಹೊರಗೆ ಬರುತ್ತದಾ? ಅದಕ್ಕೆ ಸಾಕ್ಷಿ ಮುಗಿದ ಸಿನಿಮಾ ಮಾತ್ರ.

ಬ್ಲೆಂಡರ್ ಅನ್ನುವ ಉಚಿತ 3ಡಿ ಸಾಫ್ಟ್‌ವೇರ್‌ನವರು ಇದನ್ನು ಮೊದಲೇ ಕಂಡುಕೊಂಡರು. 2006ರ 'ಎಲಿಫೆಂಟ್ಸ್ ಡ್ರೀಮ್'ನಿಂದ ಹಿಡಿದು ಅವರು ತಾವೇ ಕಿರುಚಿತ್ರಗಳನ್ನು ಮಾಡುತ್ತಾ ಬಂದಿದ್ದಾರೆ. ಚಿತ್ರ ಮಾಡುವಾಗ ಏನು ಕೊರತೆ ಕಂಡಿತೋ ಅದನ್ನೇ ಸಾಫ್ಟ್‌ವೇರ್‌ಗೆ ಸೇರಿಸಿದರು. ಕೊನೆಗೆ ಏನಾಯ್ತು ನೋಡಿ. ಲಾಟ್ವಿಯಾದ 'ಫ್ಲೋ' ಪೂರ್ತಿ ಬ್ಲೆಂಡರ್‌ನಲ್ಲಿ ಆದ ಚಿತ್ರ. 2024ರಲ್ಲಿ ಆನ್ಸಿ ಹಬ್ಬದಲ್ಲಿ ಬಹುಮಾನ, 2025ರಲ್ಲಿ ಆಸ್ಕರ್. ಆಮೇಲೆ "ಬ್ಲೆಂಡರ್ ಹವ್ಯಾಸಿಗಳಿಗೆ ಮಾತ್ರ" ಅನ್ನುವ ಮಾತು ನಮ್ಮ ಆಫೀಸಿನಲ್ಲಿ ಕೇಳಿಸಿಲ್ಲ.

ಆನ್ಸಿ ಗೊತ್ತಿಲ್ಲದವರಿಗೆ: ಫ್ರಾನ್ಸ್‌ನಲ್ಲಿ ಸರೋವರದ ಪಕ್ಕದ ಸಣ್ಣ ಊರು. 1960ರಿಂದ ಅಲ್ಲಿ ಅನಿಮೇಷನ್ ಹಬ್ಬ ನಡೆಯುತ್ತಿದೆ. 1985ರಲ್ಲಿ ಅದರ ಜೊತೆಗೆ ಮಿಫಾ ಅನ್ನುವ ಮಾರುಕಟ್ಟೆ ಶುರುವಾಯಿತು. ಟೂನ್ ಬೂಮ್, ಟಿವಿಪೇಂಟ್ ತರಹದ ಸಾಫ್ಟ್‌ವೇರ್ ಕಂಪನಿಗಳು ಸ್ಟಾಲ್ ಹಾಕುವುದು ಅಲ್ಲಿ. ಬರುವವರು ನಿರ್ಮಾಪಕರು, ಸ್ಟುಡಿಯೋ ನಡೆಸುವವರು. ಅಂಥವರ ಕೈಗೆ ಪೆನ್ ಕೊಟ್ಟರೆ ಅವರು ಕೂರುವುದಿಲ್ಲ ಅಣ್ಣ. ಚಿತ್ರ ತೋರಿಸಿ ಅಂತಾರೆ.

ಮಣಿಪಾಲಮೇಷ್ಟ್ರು

ಬಸ್ ಅವರು ಹೇಳಿದ್ದು ಮಿಫಾಗೆ ಸರಿ. ನಮ್ಮ ಊರಿನ ಹಬ್ಬಕ್ಕೆ ಬರುವವರು ನಿರ್ಮಾಪಕರಾ? ಬರುವವರು ಪಿಯುಸಿ ಮಕ್ಕಳು, ಡಿಗ್ರಿ ಮಕ್ಕಳು, ಅವರ ಅಪ್ಪ ಅಮ್ಮ. ಆ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ. "ಇದನ್ನು ಕಲಿತರೆ ಕೆಲಸ ಸಿಗ್ತದಾ ಸರ್?"

ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್‌ಗೆ ಅಂತ ಎವಿಜಿಸಿ ನೀತಿ ತಂದಿತ್ತು, ದೇಶದಲ್ಲೇ ಮೊದಲು. 2024ರಲ್ಲಿ ಅದರ ಹೊಸ ರೂಪ ಬಂತು. ನಮ್ಮ ಉಡುಪಿಯಲ್ಲೂ ಕೆಲಸ ಇಲ್ಲ ಅಂತಲ್ಲ. ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ 1996ರಲ್ಲಿ ಇಲ್ಲೇ ಹುಟ್ಟಿದ್ದು, ಗೇಮ್ ಮಾಡುವ 99ಗೇಮ್ಸ್ ಕೂಡ ಇಲ್ಲಿಯದೇ. ಆದರೂ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರು ಬಸ್ ಹತ್ತುತ್ತಾರೆ. ಹತ್ತುವ ಮೊದಲು ಕೈ ಪಳಗಿರಬೇಕಲ್ವಾ? ಅದು ಕ್ಲಾಸಿನ ಎರಡು ಗಂಟೆಯಲ್ಲಿ ಆಗುವುದಿಲ್ಲ. ಮನೆಯಲ್ಲಿ ರಾತ್ರಿ ಕೂತು ಬಿಡಿಸಬೇಕು. ಮನೆಯ ಲ್ಯಾಪ್‌ಟಾಪ್‌ಗೆ ತಿಂಗಳು ತಿಂಗಳು ಚಂದಾ ಕಟ್ಟುವ ಸಾಫ್ಟ್‌ವೇರ್ ಹಾಕಿಸಲು ಎಲ್ಲರಿಗೂ ಆಗುವುದಿಲ್ಲ. ನಾನು ಕ್ರಿಟಾ, ಓಪನ್‌ಟೂನ್ಸ್ ಅನ್ನುವ ಉಚಿತ ಸಾಫ್ಟ್‌ವೇರ್‌ಗಳನ್ನು ಕಲಿಸುವುದು ಇದೇ ಕಾರಣಕ್ಕೆ. ಕ್ರಿಟಾದಲ್ಲಿ 2016ರ 3.0 ಆವೃತ್ತಿಯಿಂದ ಅನಿಮೇಷನ್ ಸೌಲಭ್ಯ ಇದೆ. ಓಪನ್‌ಟೂನ್ಸ್ ಮೂಲದಲ್ಲಿ ಸ್ಟುಡಿಯೋ ಘಿಬ್ಲಿ ಬಳಸುತ್ತಿದ್ದ ಟೂನ್ಸ್. ಅದು ಓಪನ್ ಸೋರ್ಸ್ ಆದದ್ದೂ 2016ರಲ್ಲೇ. ಎಕ್ಸ್‌ಶೀಟ್ (ಯಾವ ಫ್ರೇಮ್‌ಗೆ ಯಾವ ಚಿತ್ರ ಅನ್ನುವ ಪಟ್ಟಿ) ಅಂದರೇನು ಅಂತ ಅದರಲ್ಲಿ ಕಲಿತ ಹುಡುಗಿ ಟೂನ್ ಬೂಮ್‌ನವರ ಹಾರ್ಮನಿ ಮುಂದೆ ಕೂತರೆ ಹೆದರುವುದಿಲ್ಲ.

ಹಾಗಾಗಿ ಕದ್ರಿಯವರೇ, ನಿಮ್ಮ ಸ್ಟಾಲ್‌ನಿಂದ ನನಗೆ ತುಂಬ ಉಪಯೋಗ ಆದದ್ದು ಆ ಪೆನ್ ಡ್ರೈವ್. ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಒಂದು ಅಂತ ಇನ್‌ಸ್ಟಾಲರ್ ಹಾಕಿ ಇಟ್ಟಿದ್ದಿರಿ. ಅಲ್ಲಿ ನೆಟ್‌ವರ್ಕ್ ಪೂರ್ತಿ ಸತ್ತಿತ್ತು. ಕ್ಯೂಆರ್ ಕೋಡ್ ಅಂಟಿಸಿದ ಪಕ್ಕದ ಸ್ಟಾಲ್‌ನವರು ಸುಮ್ನೆ ಕೂತಿದ್ದರು. ನನ್ನ ವಿದ್ಯಾರ್ಥಿಗಳು ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಇನ್‌ಸ್ಟಾಲ್ ಮಾಡಿಕೊಂಡರು. ಅದರಲ್ಲೊಂದು 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರ. ಅದರಲ್ಲೂ ಓಡಿತು. ಆ ಹುಡುಗಿಯ ಮುಖ ನೀವು ನೋಡಬೇಕಿತ್ತು.

ಸುರತ್ಕಲ್‌ಗಾಳಿ

ಬೇಸರ ಮಾಡಬೇಡಿ, ನೇರವಾಗಿ ಕೇಳುತ್ತೇನೆ. ಸಣ್ಣ ತಂಡಕ್ಕೆ ಸ್ಟಾಲ್ ಬೇಕಾ? ಜಾಗದ ಬಾಡಿಗೆ, ಫ್ಲೆಕ್ಸ್, ಟ್ಯಾಬ್ಲೆಟ್, ಎಲ್ಲರೂ ಕೆಲಸಕ್ಕೆ ರಜೆ ಹಾಕಿ ಬರಬೇಕು. ಅಷ್ಟು ಹೊತ್ತಿನಲ್ಲಿ ಎಷ್ಟು ಬಗ್ ಸರಿ ಮಾಡಬಹುದಿತ್ತು! ಒಂದು ಒಳ್ಳೆಯ ಯೂಟ್ಯೂಬ್ ಪಾಠ ಮಾಡಿ ಹಾಕಿದರೆ ಇದಕ್ಕಿಂತ ಜಾಸ್ತಿ ಜನರಿಗೆ ತಲುಪುತ್ತದೆ. ನಾನೂ ಕೋಡ್ ಬರೆಯುವವನೇ. ನಮ್ಮಂಥವರ ಹತ್ತಿರ ಇರುವುದು ಸಮಯ ಒಂದೇ. ಅದನ್ನು ಜಗಲಿಯಲ್ಲಿ ನಿಂತು ಕಳೆಯುವುದು ಎಷ್ಟು ಸರಿ?

ಕದ್ರಿಗೆರೆ

ಸುರತ್ಕಲ್ ಅವರೇ, ಬೇಸರ ಏನಿಲ್ಲ. ಇದು ಕೇಳಲೇಬೇಕಾದ ಪ್ರಶ್ನೆ.

ಯೂಟ್ಯೂಬ್ ಪಾಠ ನೋಡುವವರು ನಮಗೆ ಕಾಣುವುದಿಲ್ಲ. ಎಲ್ಲಿ ನಿಲ್ಲಿಸಿದರು, ಎಲ್ಲಿ ಹುಬ್ಬು ಗಂಟಿಕ್ಕಿದರು, ಯಾವ ಗುಂಡಿ ಹುಡುಕಿ ಸಿಗದೆ ಕೈಬಿಟ್ಟರು, ಒಂದೂ ಗೊತ್ತಾಗುವುದಿಲ್ಲ. ಬಗ್ ವರದಿ ಬರೆಯುವವರು ಸಾಫ್ಟ್‌ವೇರ್ ಆಗಲೇ ಗೊತ್ತಿರುವವರು. ಮೊದಲ ಐದು ನಿಮಿಷದಲ್ಲಿ ಸೋತು ಹೋದವರು ಯಾರೂ ವರದಿ ಬರೆಯುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡುತ್ತಾರೆ ಅಷ್ಟೇ. ಅವರನ್ನು ಕಣ್ಣಾರೆ ನೋಡಲು ಇರುವ ಜಾಗ ಸ್ಟಾಲ್. ನಮ್ಮಲ್ಲಿ ಒಬ್ಬರು ಮಾತಾಡದೆ ಹಿಂದೆ ನಿಂತು ನೋಟ್‌ಬುಕ್‌ನಲ್ಲಿ ಬರೆಯುವುದೇ ಕೆಲಸ ಅಂತ ಮಾಡಿದ್ದೆವು. ಕೂತವರು ಸಿಕ್ಕಿಹಾಕಿಕೊಂಡರೂ ಕೂಡಲೇ ಸಹಾಯಕ್ಕೆ ಹೋಗಬಾರದು, ಅವರು ಮೊದಲು ಎಲ್ಲಿ ಹುಡುಕುತ್ತಾರೆ ಅಂತ ನೋಡಬೇಕು. ಆ ನೋಟ್‌ಬುಕ್ ಈಗ ನಮ್ಮ ಮುಂದಿನ ಆರು ತಿಂಗಳ ಕೆಲಸದ ಪಟ್ಟಿ.

ಬ್ಲೆಂಡರ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಅದು ಮೊದಲು ನೆದರ್‌ಲೆಂಡ್ಸ್‌ನ ನಿಯೋಜಿಯೋ ಅನ್ನುವ ಸ್ಟುಡಿಯೋದ ಒಳಬಳಕೆಯ ಸಾಫ್ಟ್‌ವೇರ್. ಟಾನ್ ರೂಸೆಂಡಾಲ್ ಬರೆದದ್ದು. 1998ರಲ್ಲಿ ಅವರು ನ್ಯಾನ್ ಅನ್ನುವ ಕಂಪನಿ ಕಟ್ಟಿದರು. 1999ರಲ್ಲಿ ಸಿಗ್ರಾಫ್ ಅನ್ನುವ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನಕ್ಕೆ ಮೊದಲ ಸಲ ಹೋಗಿ ಜನರಿಗೆ ತೋರಿಸಿದರು. ಬಂದವರೂ ಪತ್ರಿಕೆಯವರೂ ತುಂಬ ಆಸಕ್ತಿ ತೋರಿಸಿದರು. ಆಮೇಲೆ ಕಂಪನಿ ಉಳಿಯಲಿಲ್ಲ. 2002ರಲ್ಲಿ ಹೂಡಿಕೆದಾರರು ಬಾಗಿಲು ಹಾಕಿಸಿದರು. ಆಗ ಬಳಸುವವರೇ ಮುಂದೆ ಬಂದು ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ ಕೊಟ್ಟರು. ಅಕ್ಟೋಬರ್ 13ಕ್ಕೆ ಬ್ಲೆಂಡರ್ ಓಪನ್ ಸೋರ್ಸ್ ಆಗಿ ಹೊರಬಂತು. ಕಂಪನಿ ಮುಚ್ಚಿದರೂ ಸಾಫ್ಟ್‌ವೇರ್ ಬದುಕಿದ್ದು ಅದನ್ನು ಕೈಯಲ್ಲಿ ಹಿಡಿದು ಪ್ರೀತಿಸಿದ ಜನ ಇದ್ದದ್ದರಿಂದ. ನಮ್ಮ ತಂಡ ಚಿಕ್ಕದು. ನಾಳೆ ನಮ್ಮಲ್ಲಿ ಇಬ್ಬರಿಗೆ ಬೇರೆ ಊರಿಗೆ ವರ್ಗ ಆದರೆ ಕೆಲಸ ನಿಂತುಹೋಗಬಹುದು. ಅದನ್ನು ಮುಂದುವರಿಸುವವರು ಎಲ್ಲಿಂದ ಬರಬೇಕು? ಮೊನ್ನೆ ಕುರ್ಚಿಯಲ್ಲಿ ಕೂತವರಲ್ಲಿ ಒಬ್ಬರಾದರೂ ಇರಬಹುದು ಅಂತ ನನ್ನ ನಂಬಿಕೆ.

ಚೆಂಡೆಪೆಟ್ಟು

ನಾನು ಅನಿಮೇಷನ್‌ನವನಲ್ಲ, ಯಕ್ಷಗಾನದ ಹುಚ್ಚು ಇರುವವನು. ಆ ಹಬ್ಬಕ್ಕೆ ಮಗಳು ಕರೆದುಕೊಂಡು ಹೋದದ್ದು. ಜೊತೆಗೆ ನಮ್ಮ ಮಾವ ಇದ್ದರು. ತುಂಬ ವರ್ಷ ತೆಂಕುತಿಟ್ಟಿನ ವೇಷ ಮಾಡಿದವರು, ಈಗ ವಯಸ್ಸಾಗಿ ಚೌಕಿಯಲ್ಲಿ ವೇಷ ಕಟ್ಟಲು ಸಹಾಯ ಮಾಡುತ್ತಾರೆ.

ಒಂದು ಸ್ಟಾಲ್‌ನಲ್ಲಿ ಯಾರೋ ವಿದ್ಯಾರ್ಥಿ ಧೀಂಗಿಣದ ಅನಿಮೇಷನ್ ಮಾಡುತ್ತಿದ್ದ. ಅದು ಕದ್ರಿಯವರ ಸ್ಟಾಲೇ ಅಂತ ಈಗ ಗೊತ್ತಾಯಿತು. ವೇಷ ಗಿರಗಿರ ಸುತ್ತುತ್ತಾ ಇತ್ತು, ನನಗೆ ಚೆನ್ನಾಗಿಯೇ ಕಂಡಿತು. ಮಾವ ಕನ್ನಡಕ ಸರಿ ಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಮಗಾ, ಇದು ಬೊಂಬೆ ಸುತ್ತಿದ ಹಾಗೆ ಆಯ್ತು" ಅಂದರು. ಆಮೇಲೆ ಅಲ್ಲೇ ಜಗಲಿಯಲ್ಲಿ ಎದ್ದು ನಿಂತು, ಈ ವಯಸ್ಸಿನಲ್ಲಿ, ನಿಧಾನವಾಗಿ ಒಂದು ಸುತ್ತು ಹಾಕಿ ತೋರಿಸಿದರು. ತಲೆಯ ಮೇಲೆ ಕಿರೀಟದ ಭಾರ ಇದೆ, ಹಾಗಾಗಿ ಕುತ್ತಿಗೆ ಒಂದೇ ತಿರುಗುವುದಿಲ್ಲ, ಹೆಗಲು ಸೇರಿಯೇ ತಿರುಗಬೇಕು. ಕಾಲು ನೆಲ ಮುಟ್ಟಿ ಮೈ ನಿಂತ ಮೇಲೂ ಸೊಂಟದ ಬಟ್ಟೆ ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ, ಮೈಗೆ ಸುತ್ತಿಕೊಂಡು, ಆಮೇಲೆ ವಾಪಸ್ ಬರುತ್ತದೆ.

ಆ ಹುಡುಗ ಒಂದು ಮಾತು ಆಡದೆ ಮೂರ್ನಾಲ್ಕು ಚಿತ್ರ ಅಳಿಸಿದ. ಮೈಯ ಚಿತ್ರಗಳನ್ನು ಹಾಗೇ ಬಿಟ್ಟು, ಬಟ್ಟೆಯನ್ನು ಬೇರೆ ಲೇಯರ್‌ಗೆ ಹಾಕಿ, ಮೈ ನಿಂತ ಮೇಲೆ ಬಟ್ಟೆಗೆ ಮಾತ್ರ ಇನ್ನಷ್ಟು ಫ್ರೇಮ್ ಸೇರಿಸಿದ. ಪ್ಲೇ ಮಾಡಿದಾಗ ಮಾವ "ಹಾಂ, ಈಗ ಜೀವ ಬಂತು" ಅಂತ ಅವನ ಬೆನ್ನು ತಟ್ಟಿದರು. ಇದಕ್ಕೆ ಇಂಗ್ಲಿಷಿನಲ್ಲಿ ಫಾಲೋ ಥ್ರೂ ಅಂತಾರಂತೆ, ಮಗಳು ಹೇಳಿದಳು.

ಟಿವಿಯಲ್ಲಿ ಮುಗಿದ ಸಿನಿಮಾ ಓಡುತ್ತಿದ್ದರೆ ಮಾವ ಆ ಮಾತು ಹೇಳುತ್ತಿರಲಿಲ್ಲ. ಮುಗಿದದ್ದಕ್ಕೆ ತಪ್ಪು ಹೇಳಬಾರದು ಅನ್ನುವ ಜನ ಅವರು. ಮಾಡುತ್ತಾ ಇರುವುದನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ ಅವರಿಗೆ.

ಮಣಿಪಾಲಮೇಷ್ಟ್ರು

ಚೆಂಡೆಪೆಟ್ಟು ಅವರೇ, ದಯವಿಟ್ಟು ನಿಮ್ಮ ಮಾವನವರನ್ನು ಒಂದು ದಿನ ನಮ್ಮ ಕ್ಲಾಸಿಗೆ ಕರೆದುಕೊಂಡು ಬನ್ನಿ. ಗಾಡಿ ನಾನೇ ಕಳಿಸುತ್ತೇನೆ.

ಒತ್ತಕ್ಷರ

ಎಲ್ಲರೂ ಗೆರೆಯ ಬಗ್ಗೆ ಹೇಳಿದಿರಿ, ನಾನು ಅಕ್ಷರದ ಬಗ್ಗೆ ಹೇಳುತ್ತೇನೆ. ಕನ್ನಡ ನಾಡಿನಲ್ಲಿ ಅನಿಮೇಷನ್ ಸಾಫ್ಟ್‌ವೇರ್ ಸ್ಟಾಲ್ ಹಾಕುವವರು ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ಟೆಕ್ಸ್ಟ್ ಟೂಲ್ ತೆಗೆದು 'ಸ್ತ್ರೀ' ಅಂತ ಬರೆಯಿರಿ, 'ಸೂರ್ಯ' ಅಂತ ಬರೆಯಿರಿ. ಒತ್ತು ಕೆಳಗೆ ಕೂತು, ಅರ್ಕಾವತ್ತು ತನ್ನ ಜಾಗಕ್ಕೆ ಬಂದರೆ ಸರಿ. ಹಲವು ಸಾಫ್ಟ್‌ವೇರ್‌ಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಫಾಂಟ್‌ನದು ತಪ್ಪಿಲ್ಲ. ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಝ್ ತರಹದ ಲೈಬ್ರರಿ ಬೇಕು, ಅದನ್ನು ಸಾಫ್ಟ್‌ವೇರ್ ಕರೆಯಬೇಕು. ಕರೆಯದಿದ್ದರೆ ಯಾವ ಫಾಂಟ್ ಹಾಕಿದರೂ ಒಂದೇ.

ಮಕ್ಕಳು ಮೊದಲು ಬರೆಯುವುದು ತಮ್ಮ ಹೆಸರು. ಅದೇ ಒಡೆದು ಕಂಡರೆ "ಇದು ನಮಗಲ್ಲ" ಅಂತ ಅನಿಸಿಬಿಡುತ್ತದೆ. ಕದ್ರಿಯವರ ಸಾಫ್ಟ್‌ವೇರ್‌ನಲ್ಲಿ ಹೆಸರು ಸರಿಯಾಗಿ ಬಂತು. ಕ್ಯೂಟಿ ಅನ್ನುವ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟಿನ ಮೇಲೆ ಕಟ್ಟಿರುವುದರಿಂದ ಅದರೊಳಗೇ ಹಾರ್ಫ್‌ಬಝ್ ಇದೆ. ಆದರೆ ಅಕ್ಷರ ಒಂದೊಂದಾಗಿ ಮೂಡುವ ಎಫೆಕ್ಟ್ ಹಾಕಿದಾಗ ಕೆಟ್ಟಿತು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಆರು. ಸಾಫ್ಟ್‌ವೇರ್ ಆರನ್ನೂ ಬೇರೆ ಬೇರೆಯಾಗಿ ಮೂಡಿಸಲು ಹೋಗುತ್ತದೆ. ಮೊದಲು ಸ ಬಂದು, ಆಮೇಲೆ ಸ್ ಆಗಿ, ಆಮೇಲೆ ಒತ್ತು ಬಂದು ಕುಣಿಯುತ್ತದೆ. ಒಡೆಯುವಾಗ ಅಕ್ಷರದ ಲೆಕ್ಕ ಹಿಡಿಯಿರಿ. ಬೇಕಾದರೆ ಕೋಡ್ ನಾನು ಬರೆದು ಕೊಡುತ್ತೇನೆ.

ಸದ್ಯಕ್ಕೆ ಬೇರೆ ಸಾಫ್ಟ್‌ವೇರ್‌ನಲ್ಲಿ ಒದ್ದಾಡುವವರಿಗೆ ಒಂದು ದಾರಿ ಉಂಟು. ಇಂಕ್‌ಸ್ಕೇಪ್ ಅನ್ನುವ ಉಚಿತ ಚಿತ್ರ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರೆಯಿರಿ, ಅಲ್ಲಿ ಸರಿಯಾಗಿ ಬರುತ್ತದೆ. ಅದನ್ನು ಪಾತ್‌ಗೆ, ಅಂದರೆ ಬರೇ ಗೆರೆಯ ಆಕಾರಕ್ಕೆ ಬದಲಾಯಿಸಿ ಎಸ್‌ವಿಜಿ ಫೈಲ್ ಮಾಡಿ ತಂದುಕೊಳ್ಳಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಇವೆ, ಎರಡೂ ಉಚಿತ. ಹಳೆಯ ನುಡಿ, ಬರಹದ ಯೂನಿಕೋಡ್ ಅಲ್ಲದ ಫೈಲ್‌ನಿಂದ ಕಾಪಿ ಮಾಡಿ ಅಂಟಿಸಬೇಡಿ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಕುಂದಾಪ್ರಕಡಲು

ಒತ್ತಕ್ಷರ ಅವರ ಮಾತಿಗೆ ಸೇರಿಸುತ್ತೇನೆ. ನಾನು ಡಬ್ಬಿಂಗ್‌ಗೆ ದನಿ ಕೊಡುವವಳು. ಆ ಹಬ್ಬದಲ್ಲಿ ನೋಡಿದ ಮಕ್ಕಳ ಕನ್ನಡ ಚಿತ್ರಗಳಲ್ಲಿ ನನಗೆ ತುಂಬ ಕಿರಿಕಿರಿ ಮಾಡಿದ್ದು ಬಾಯಿ. ಮಾತು ಕನ್ನಡ, ಬಾಯಿ ಇಂಗ್ಲಿಷ್.

ರೂಬಾರ್ಬ್ ಲಿಪ್ ಸಿಂಕ್ ಅಂತ ಉಚಿತ ಸಾಧನ ಉಂಟು. ದನಿ ಕೊಟ್ಟರೆ ಯಾವ ಹೊತ್ತಿಗೆ ಯಾವ ಬಾಯಿ ಅಂತ ಪಟ್ಟಿ ಕೊಡುತ್ತದೆ. ಆರು ಮೂಲ ಆಕಾರಗಳು, ಬೇಕಾದರೆ ಇನ್ನು ಮೂರು. ಆದರೆ ಅದು ಏನೂ ಹೇಳದಿದ್ದರೆ ದನಿಯನ್ನು ಇಂಗ್ಲಿಷ್ ಅಂತಲೇ ಕೇಳುತ್ತದೆ. ಬೇರೆ ಭಾಷೆಗೆ ಫೊನೆಟಿಕ್ ಅನ್ನುವ ಆಯ್ಕೆ ಇದೆ, ಅದನ್ನು ಹಾಕಬೇಕು. ಅಷ್ಟು ಮಾಡಿದರೆ ಅರ್ಧ ಸರಿ ಹೋಗುತ್ತದೆ.

ಇನ್ನರ್ಧ ಕೈಯಿಂದಲೇ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಮನೆ, ಊಟ, ಬಂದೆ, ಹೋಗು. ಮಾತು ಮುಗಿದಾಗ ಬಾಯಿ ತೆರೆದೇ ಇರುತ್ತದೆ, ಆಮೇಲೆ ನಿಧಾನವಾಗಿ ಮುಚ್ಚುತ್ತದೆ. ದನಿ ನಿಂತ ಫ್ರೇಮ್‌ಗೇ ಟಪ್ಪಂತ ಬಾಯಿ ಮುಚ್ಚಿದರೆ ಪಾತ್ರ ಸಿಟ್ಟಿನಲ್ಲಿ ಇರುವ ಹಾಗೆ ಕಾಣುತ್ತದೆ. ದೀರ್ಘ ಸ್ವರಕ್ಕೆ ಆಕಾರ ಅದೇ ಇರಲಿ, ಫ್ರೇಮ್ ಜಾಸ್ತಿ ಕೊಡಿ. ಪ, ಬ, ಮ ಬಂದಾಗ ತುಟಿ ಸೇರಲೇಬೇಕು, ಅದು ತಪ್ಪಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಟ, ಡ, ಣ, ಳಗಳಲ್ಲಿ ನಾಲಗೆ ಒಳಗೆ ಮಡಚುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೆ ಬೇರೆ ಬಾಯಿ ಬಿಡಿಸಿ ಸಮಯ ಹಾಳು ಮಾಡಬೇಡಿ.

ಮುಂದಿನ ಸಲ ಸ್ಟಾಲ್‌ನಲ್ಲಿ ಒಂದು ಮೈಕ್ ಇಡಿ. ಬಂದವರು ಒಂದು ವಾಕ್ಯ ಹೇಳಲಿ, ತಮ್ಮದೇ ದನಿಗೆ ತಾವೇ ಬಾಯಿ ಬಿಡಿಸಲಿ. ನಮ್ಮ ಕುಂದಾಪ್ರ ಕನ್ನಡ ಮಾತಾಡುವ ಒಂದು ಅನಿಮೇಷನ್ ಅಜ್ಜಿಯನ್ನು ನೋಡಬೇಕು ಅಂತ ನನಗೆ ತುಂಬ ಆಸೆ.

ಬೆಂಗಳೂರುಬಸ್

ಎಲ್ಲ ಓದಿದೆ. ಚೆಂಡೆಪೆಟ್ಟು ಅವರ ಮಾವನ ವಿಷಯ ನಮ್ಮ ಟೀಮ್‌ನಲ್ಲೂ ಓದಿ ಹೇಳಿದೆ. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಇವತ್ತು ಕುರ್ಚಿಯಲ್ಲಿ ಕೂತು ಬಿಡಿಸಿದ ಹುಡುಗಿ ನಾಳೆ ಕೆಲಸ ಕೇಳಿಕೊಂಡು ಬಂದಾಗ, ಅವಳು ಕಲಿತ ಸಾಫ್ಟ್‌ವೇರ್‌ಗೆ ಬೆಲೆ ಬರುವುದು ಅದರಲ್ಲಿ ಒಂದು ಒಳ್ಳೆಯ ಚಿತ್ರ ಬಂದಿದ್ದರೆ ಮಾತ್ರ. ಟಿವಿ ಬೇಡ ಅಂದರೆ ಬೇಡ. ಆದರೆ ಚಿತ್ರ ಮಾಡುವುದನ್ನು ನಿಲ್ಲಿಸಬೇಡಿ. ಐದು ನಿಮಿಷದ್ದೇ ಇರಲಿ, ಪೂರ್ತಿ ಮುಗಿಸಿ ಹಾಲ್‌ನೊಳಗೆ ಬೇರೆ ಚಿತ್ರಗಳ ಜೊತೆ ಹಾಕಿ. ಕ್ಲೀನ್‌ಅಪ್‌ಗೆ ನನ್ನನ್ನು ಕರೆಯಿರಿ, ಶನಿವಾರ ಭಾನುವಾರ ಕೂರುತ್ತೇನೆ.

ಸುರತ್ಕಲ್‌ಗಾಳಿ

ಕರೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಮಧ್ಯಾಹ್ನ ಮೇಲೆ ಗುಡುಗು ಮಳೆ ಬಂದರೆ ನಮ್ಮಲ್ಲಿ ಕರೆಂಟ್ ಹೋಗುವುದು ಗ್ಯಾರಂಟಿ. ಟ್ಯಾಬ್ಲೆಟ್‌ಗಳನ್ನು ಲ್ಯಾಪ್‌ಟಾಪ್‌ಗೇ ಹಾಕಿ, ಡೆಸ್ಕ್‌ಟಾಪ್ ತರಬೇಡಿ. ಸಣ್ಣ ಯುಪಿಎಸ್ ಒಂದು ಇರಲಿ. ಆಟೋಸೇವ್ ಎರಡು ನಿಮಿಷಕ್ಕೆ ಇಡಿ. ಆಮೇಲೆ ಬೆವರು. ಸೆಖೆಗೆ ಅಂಗೈ ಟ್ಯಾಬ್ಲೆಟ್‌ಗೆ ಅಂಟಿ ಗೆರೆ ತಪ್ಪುತ್ತದೆ. ಎರಡು ಬೆರಳಿನ ಗ್ಲೌಸ್ ಸಿಗುತ್ತದೆ, ಅದನ್ನು ನಾಲ್ಕೈದು ತಂದಿಡಿ. ಪೆನ್‌ನ ನಿಬ್ ಕೂಡ ಸವೆಯುತ್ತದೆ, ಹೆಚ್ಚುವರಿ ಇರಲಿ.

ಸ್ಟಾಲ್ ಬೇಡ ಅಂದವನೇ ಈಗ ಯುಪಿಎಸ್ ತರುತ್ತೇನೆ ಅಂತ ಹೇಳುತ್ತಿದ್ದೇನೆ. ಆ ನೋಟ್‌ಬುಕ್ ವಿಷಯ ನನಗೆ ಹಿಡಿಸಿತು.

ಕದ್ರಿಗೆರೆ

ಎಲ್ಲರಿಗೂ ಮನಸಾರೆ ಧನ್ಯವಾದ. ತಂಡದಲ್ಲಿ ಮಾತಾಡಿದೆವು. ಟಿವಿ ಬರುತ್ತದೆ, ಆದರೆ ಅದರಲ್ಲಿ ಕಾಣುವುದು ಕುರ್ಚಿಯಲ್ಲಿ ಕೂತವರು ಆ ಹೊತ್ತಿಗೆ ಬಿಡಿಸುತ್ತಿರುವ ಚಿತ್ರ. ದಾರಿಯಲ್ಲಿ ಹೋಗುವವರು ನಿಲ್ಲಲಿ, ಚೆಂಡೆಪೆಟ್ಟು ಅವರ ಮಾವನಂಥವರು ತಪ್ಪು ಹೇಳಲಿ. ನಮ್ಮ ಕಿರುಚಿತ್ರ ಹಾಲ್‌ನೊಳಗೆ ಹೋಗುತ್ತದೆ. ಬಸ್ ಅವರೇ, ಕ್ಲೀನ್‌ಅಪ್‌ಗೆ ನೀವು ಸಿಕ್ಕಿಬಿದ್ದಿರಿ, ಇನ್ನು ಬಿಡುವುದಿಲ್ಲ.

ಚಿತ್ರದ ವಿಷಯವೂ ಇಲ್ಲೇ ಸಿಕ್ಕಿತು. ಕುಂದಾಪ್ರ ಕನ್ನಡದ ಅಜ್ಜಿ, ಧೀಂಗಿಣ ಕಲಿಯಲು ಹೊರಟ ಮೊಮ್ಮಗಳು. ಒತ್ತಕ್ಷರ ಅವರೇ, ಅಕ್ಷರ ಮೂಡಿಸುವ ಕೋಡ್ ಕಳಿಸಿ, ಶೀರ್ಷಿಕೆಗೆ ಅದೇ ಬೇಕು. ಕಡಲು ಅಕ್ಕ, ದನಿ ನೀವೇ ಕೊಡಬೇಕು. ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಕದ್ರಿ ಪಾರ್ಕ್ ಹತ್ತಿರ ನಮ್ಮ ತಂಡ ಸೇರುತ್ತದೆ. ಬರುವವರು ಇಲ್ಲೇ ತಿಳಿಸಿ, ಜಾಗ 2-3 ದಿನದಲ್ಲಿ ಹಾಕುತ್ತೇನೆ.

ಕುಂದಾಪ್ರಕಡಲು

ಬತ್ತೆ ಮಾರಾಯ್ರೆ. ಮೈಕ್ ನಾನೇ ತರುತ್ತೇನೆ. ಮಾತುಗಳನ್ನು ಮಾತ್ರ ಮಂಗಳೂರು ಕನ್ನಡದಲ್ಲಿ ಬರೆದು ಇಡಬೇಡಿ. ಅಜ್ಜಿ ಹೇಗೆ ಹೇಳುತ್ತಾರೆ ಅಂತ ನಾನು ನನ್ನ ಅಮ್ಮನ ಹತ್ತಿರ ಕೇಳಿಕೊಂಡು ಬರುತ್ತೇನೆ.